ಮುಳುಗದ ಮಂಡಿ

ಎಕ್ಸ್‌ರೇ ಕೋಣೆಯ ಹೊರಗೆ, ಉಳುಕಿದ ಕೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ ದರ್ಜಿಗೆ ಪಕ್ಕದವರ ಮಾತು ಕೇಳುವ ಇರಾದೆಯೇನೂ ಇರಲಿಲ್ಲ. ಆದರೆ ಕಿವಿ ಅವನ ಮಾತು ಕೇಳಬೇಕಲ್ಲ! ಅದೇ ಬೆಂಚಿನಲ್ಲಿ ನೋಯುವ ಎಡಗಾಲು ಚಾಚಿ ಕೂತ ಒಬ್ಬ ಉದ್ದನೆಯ ಬಡಗಿ, ಅವನ ಪಕ್ಕದಲ್ಲಿ ಅವನ ಅಕ್ಕ. ಅಕ್ಕನೇ ಶುರು ಮಾಡಿದಳು.

“ಚರ್ಚಲ್ಲಿ ದೀಕ್ಷಾಸ್ನಾನದ ದಿನ ಪಾಸ್ಟ್ರು ನಿನ್ನನ್ನ ತೊಟ್ಟೀಲಿ ಮುಳುಗಿಸಿದಾಗ ಈ ಎಡಮಂಡಿ ನೀರಿಂದ ಮೇಲೇ ಇತ್ತು ಕಣೋ. ಕಣ್ಣಾರೆ ನೋಡಿದೀನಿ.”

“ತೊಟ್ಟಿ ಚಿಕ್ಕದಿತ್ತು ಅಕ್ಕ.”

“ಇಡೀ ಮನುಷ್ಯ ಮುಳುಗಬೇಕು ಅಂತ ತಾನೆ ನಮ್ಮ ಸಭೆಯ ನಂಬಿಕೆ?”

“ಮತ್ತೆ ಮೂವತ್ತು ವರ್ಷ ಯಾಕೆ ಸುಮ್ನಿದ್ದೆ?”

“ಆಗ ಮಂಡಿ ನೋಯ್ತಿರಲಿಲ್ವಲ್ಲ!”

“ಹೋಗ್ಲಿ, ಮಂಡಿ ಒಂದನ್ನೇ ಬಕೆಟ್ಟಲ್ಲಿ ಅದ್ದಿಬಿಡ್ಲಾ?”

“ಪಾಸ್ಟ್ರನ್ನ ಕೇಳ್ದೆ. ಬಿಡಿಬಿಡಿಯಾಗಿ ಮಾಡೋ ಹಾಗಿಲ್ವಂತೆ.”

“ಡಾಕ್ಟ್ರು ಬೇರೆನೇ ಹೇಳಿದ್ರು. ಊರಿ ಊರಿ ಸವೆದಿದೆಯಂತೆ.”

“ಕೆಲಸದಲ್ಲಾ?”

“ಪ್ರಾರ್ಥನೇಲಿ. ನಿನಗೆ ಆಪರೇಷನ್ ಆದಾಗಿಂದ ದಿನಾ ನಿನ್ನ ಹೆಸರು ಹೇಳಿ ಮಂಡಿಯೂರ್ತಿದೀನಿ.”

ಅಕ್ಕ ಕಣ್ಣೊರೆಸಿಕೊಂಡಳು. ಮರುಕ್ಷಣವೇ ಗಾಬರಿಯಾದಳು.

“ಅಯ್ಯೋ, ಈ ಮಂಡೀನಾ ಊರಿದ್ದು? ಹಾಗಾದ್ರೆ ಒಂದು ಪ್ರಾರ್ಥನೆನೂ ಲೆಕ್ಕಕ್ಕಿಲ್ವಲ್ಲೋ!”

“ಬಲಮಂಡಿನೂ ಊರಿದ್ದೆ ಅಕ್ಕ. ಅರ್ಧನಾದ್ರೂ ದೇವರಿಗೆ ಮುಟ್ಟಿರತ್ತೆ.”

“ಅದಕ್ಕೇ ನೋಡು, ನಾನು ಅರ್ಧ ಮಾತ್ರ ಹುಷಾರಾಗಿದ್ದು!”

ನರ್ಸ್ ಬಾಗಿಲಿಂದ ತಲೆ ಹಾಕಿದಳು. “ಎಡಮಂಡಿ ಯಾರು? ಒಳಗೆ ಬನ್ನಿ.”

ಅಕ್ಕ ಎದ್ದು, ಆ ಎಡಗಡೆಗೇ ಬಂದು, ತಮ್ಮನ ಭಾರವನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ನಡೆದಳು.