ಚಿಮಣಿ ಹೇಳಿದ ಚಾಡಿ

ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಶರ್ಮಿಳಾಳಿಗೆ, ಮುಂದಿದ್ದ ಉಡುಪಿ ಕಡೆಯ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿಯ ಕೈಯಲ್ಲಿ ಅಡುಗೆ ಸೋಡಾದ ಪೊಟ್ಟಣವಿತ್ತು.

“ಸೆಕೆ ಜೋರಾಗುವ ಮೊದಲು ಅಡುಗೆಮನೆ ಚಿಮಣಿ ತೊಳೆಯುವಾ ಅಂತ ಜಾಲರಿ ಬಿಚ್ಚಿದೆ. ಎಂತ ವಾಸನೆ ಮಾರಾಯ್ರೆ ಅದು?”

“ಒಗ್ಗರಣೆ ಜಿಡ್ಡು.”

“ಮೊಟ್ಟೆಯನ್ನೂ ಒಳಗೆ ತಾರದ ಮನೆ ನಮ್ಮದು. ಒಗ್ಗರಣೆಗೆ ಮೀನಿನ ವಾಸನೆ ಎಲ್ಲಿಂದ ಬಂತು? ಊರಿಗೆ ಹೋಗುವಾಗ ನಾನೇ ತೊಳೆದಿಟ್ಟು ಹೋಗಿದ್ದೆ.”

“ಕೆಳಗಿನ ಮನೆಯಿಂದ ಪೈಪಲ್ಲಿ ಬಂದಿರ್ಬೇಕು.”

“ನಮ್ಮ ಚಿಮಣಿಗೆ ಪೈಪೇ ಇಲ್ಲ. ಹೊಗೆ ಸೋಸಿ ಅಲ್ಲೇ ಬಿಡ್ತದೆ ಅಂತ, ತರುವಾಗ ನೀವೇ ಹೇಳಿದ್ದು.”

ಗಂಡ ಕೌಂಟರಿನ ಕಡೆ ನೋಡತೊಡಗಿದ.

“ನಾನು ದಿನಾ ಮಾಮಾಕ್ ಹೋಟೆಲಿಂದ ತಪಾವ್ ಕಟ್ಟಿಸಿ ತಂದು ತಿಂದದ್ದು. ಒಲೆ ಹಚ್ಚಲೇ ಇಲ್ಲ.”

“ಹಾಗಾದ್ರೆ ಬಂಗುಡೆ ತಾನಾಗಿ ಹಾರಿ ಬಂತಾ?”

“ಬಂಗುಡೆ ಅಲ್ಲ ಮಾರಾಯ್ತಿ, ಬೂತಾಯಿ.”

ಶರ್ಮಿಳಾ ನಗು ನುಂಗಿಕೊಂಡಳು. ಹೆಂಡತಿ ಮಾತ್ರ ನಗಲಿಲ್ಲ. ಪೊಟ್ಟಣವನ್ನು ಗಂಡನ ಕೈಗೆ ತುರುಕಿ ಬಾಗಿಲಿನತ್ತ ನಡೆದಳು.

“ನಿಮಗೆ ಒಂದು ಚಾ ಮಾಡ್ಲಿಕ್ಕೂ ಬರುದಿಲ್ಲ. ಹುರಿದು ಕೊಟ್ಟದ್ದು ಯಾರು?”