ಕೌದಿಯೊಳಗಿನ ಮಿಂಚು

ದೇವದುರ್ಗದ ಬಸ್ ನಿಲ್ದಾಣದಲ್ಲಿ ಶಿವಗಂಗಾ ತಲೆ ತಗ್ಗಿಸಿ ಸದ್ದಿಲ್ಲದೆ ಸೇಂಗಾ ಸುಲಿಯುತ್ತಿದ್ದಳು. ಹೊರಗೆ ಮಳೆ ಹಿಡಿದಿತ್ತು. ಪಕ್ಕದಲ್ಲಿ ಕೂತ ಗಂಡ ಹೆಂಡತಿ ಅವಳಿದ್ದಾಳೆಂಬುದನ್ನೇ ಮರೆತು ಮಾತಿಗಿಳಿದರು. ಹೆಂಡತಿಯ ತೊಡೆಯ ಮೇಲೆ ಕಟ್ಟು ಹಾಕಿಸಿದ ಮಿಂಚಿನ ಫೋಟೊ ಇತ್ತು.

“ಮಲ್ಲೇಶ್ವರಿ, ರಾಯಚೂರಾಗ ಸನ್ಮಾನ ಮಾಡೋರು ಮಿಂಚು ಹ್ಯಾಂಗ ತೆಗದ್ರಿ ಅಂತ ಕೇಳಿದ್ರ ಏನ್ ಹೇಳ್ಲಿ?”

“ಕೌದಿ ಹೊತ್ಕೊಂಡು ತೆಗದೆ ಅನ್ರಿ.”

“ಮೆಲ್ಲಗ ಮಾತಾಡು. ಬಹುಮಾನ ನನ್ನ ಹೆಸರಿಗೆ ಬಂದದ.”

“ಹೆಸರು ಬರದು ಕಳಿಸಿದ್ದು ನೀವ. ನಾ ಮಾಳಿಗಿ ಮ್ಯಾಲ ತೊಯ್ಕೋತ ಫೋಟೊ ತೆಗಿಯೋವಾಗ ಒಳಗ ‘ಅರ್ಜುನ, ಅರ್ಜುನ’ ಅಂತ ನಡುಗಾಕತ್ತಿದ್ರಿ.”

“ನಾ ಅರ್ಜುನನ್ನ ನೆನದಿದ್ದಕ್ಕ ಸಿಡಿಲು ನಿನ್ನ ಮ್ಯಾಲ ಬೀಳಲಿಲ್ಲ. ಅರ್ಧ ಫೋಟೊ ನಂದ ಅಲ್ಲೇನು?”

“ಹಂಗಾದ್ರ ಶಾಲು ಅರ್ಜುನಗ ಹೊದಸ್ಲಿ ಬಿಡ್ರಿ.”

ರಾಯಚೂರಿನ ಬಸ್ಸು ಬಂದು ಮಳೆಯಲ್ಲೇ ನಿಂತಿತು. ಮಲ್ಲೇಶ್ವರಿ ಫೋಟೊಗೆ ಸೆರಗು ಮುಚ್ಚಿಕೊಂಡು ಓಡಿ ಹತ್ತಿದಳು. ಗಂಡ ಒಂದು ಕಾಲು ಹೊರಗಿಟ್ಟನೋ ಇಲ್ಲವೋ, ಫಳ್ಳನೆ ಮಿಂಚಿತು. ಕಂಬ ತಬ್ಬಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಬಸ್ಸು ಹೊರಟಿತ್ತು.

“ತಂಗೀ, ಒಂದೀಟು ಕೂಗಿ ಆ ಬಸ್ ನಿಲ್ಲಸವ್ವಾ,” ಎಂದ.

ಶಿವಗಂಗಾ ಇನ್ನೊಂದು ಸೇಂಗಾ ಸುಲಿದಳು.