ದೊಡ್ಡಮ್ಮ ಎಂದೇ ಬರೆದುಕೊಳ್ಳಿ

ನೆತ್ತರಿಗೆ ನಾಲಿಗೆ ಇಲ್ಲ ಎಂಬ ಸಾಲನ್ನು ಓದುವ ದಿನಗಳಲ್ಲಿ ಎಲ್ಲೋ ನೋಡಿದ್ದೆ. ಇಲ್ಲ ಎಂದಿತ್ತೋ, ಉಂಟು ಎಂದಿತ್ತೋ, ಈಗ ಖಚಿತವಿಲ್ಲ. ಬರೆದುಕೊಳ್ಳುತ್ತಿರುವ ಪೇದೆಯವರು, ಮೇಡಂ, ಇದು ಕೇಸಿಗೆ ಬೇಕಾ ಎಂದು ಕೇಳಿದರು. ಬೇಕು ಎಂದಿದ್ದರಿಂದ ಬರೆದುಕೊಂಡಿದ್ದಾರೆ.

ಹೆಸರು ಮತ್ತು ವಿಳಾಸ: ಅಂಟಿಸಿದ ಲಕೋಟೆಯಲ್ಲಿ ಬೇರೆಯಾಗಿ ಕೊಟ್ಟಿದ್ದೇನೆ. ವಯಸ್ಸು ನಲವತ್ತೆಂಟು. ಸ್ನಾತಕೋತ್ತರ ಪದವೀಧರೆ, ಅವಿವಾಹಿತೆ. ಕಾಲೇಜಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳ ದುರಸ್ತಿ ನನ್ನ ಕೆಲಸ. ಮೇಲ್ಕಂಡ ನಾನು ಈ ಮೂಲಕ ತಿಳಿಸಬೇಕಾಗಿ ಬಂದಿರುವುದೇನೆಂದರೆ,

ನನಗೆ ಒಬ್ಬಳೇ ತಂಗಿ. ಗಂಡ ಮತ್ತು ಹತ್ತೊಂಬತ್ತು ವರ್ಷದ ಮಗಳೊಂದಿಗೆ ಪಕ್ಕದ ಬೀದಿಯಲ್ಲಿದ್ದಾಳೆ. ಮದುವೆಯಾಗಿ ಬಹಳ ಕಾಲ ಅವಳಿಗೆ ಮಕ್ಕಳಾಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಚಿಕಿತ್ಸಾಲಯದಲ್ಲಿ ನನ್ನ ಅಂಡವನ್ನು ತೆಗೆದು, ಭ್ರೂಣವಾಗಿಸಿ ಅವಳ ಗರ್ಭದಲ್ಲಿ ಇಟ್ಟರು. ಒಂಬತ್ತು ತಿಂಗಳು ಹೊತ್ತವಳು, ಹೆತ್ತವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟವಳು ಅವಳು. ಹುಡುಗಿಯ ತಾಯಿ ನನ್ನ ತಂಗಿ. ಹಾಗಾದ್ರೆ ನೀವೇನಾಗ್ಬೇಕು ಅಂತ ಬರೀಲಿ ಎಂದು ಪೇದೆಯವರು ಕೇಳಿದರು. ದೊಡ್ಡಮ್ಮ ಎಂದೇ ಬರೆದುಕೊಳ್ಳಿ ಎಂದು ತಿಳಿಸಿದ್ದೇನೆ.

ಹುಡುಗಿಗೆ ಇದು ಗೊತ್ತಿರಲಿಲ್ಲ. ಅವಳ ಓದು ಮುಗಿದ ಮೇಲೆ ತಾನೇ ಹೇಳುವುದಾಗಿಯೂ, ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದೆಂದೂ ತಂಗಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹುಡುಗಿಯ ಬಳಿ ನನ್ನ ಮನೆಯ ಕೀ ಇದೆ. ಆದರೂ ಶನಿವಾರ ಬಂದಾಗ, ನಾನಿರುವ ಮೂರನೇ ಮಹಡಿಗೆ ಹತ್ತುವ ಮೊದಲು, ಎರಡನೇ ಮಹಡಿಯಿಂದಲೇ, ದೊಡ್ಡಮ್ಮಾ ಬಾಗ್ಲು ತೆಗಿ, ಕೈ ತುಂಬಾ ಸಾಮಾನಿದೆ ಎಂದು ಕೂಗುತ್ತಾಳೆ. ನೋಡಿದರೆ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಎದುರು ಮನೆಯಲ್ಲಿ ಹೊಲಿಗೆಯ ಹೆಂಗಸು ಇದ್ದಾರೆ. ಒಮ್ಮೆ ನಮ್ಮಿಬ್ಬರಿಗೂ ಅಳತೆ ತೆಗೆದು, ಇಬ್ಬರಿಗೂ ಎಡಭುಜ ಒಂದೇ ಥರ ಇಳಿದಿದೆಯಲ್ಲೇ, ದೊಡ್ಡಮ್ಮನ ಭುಜ ಕದ್ಕೊಂಡು ಬಂದ್ಯಾ ಎಂದು ಅವಳಿಗೆ ತಮಾಷೆ ಮಾಡಿದ್ದರು. ಹುಡುಗಿ ನಕ್ಕಳು. ನಾನು ಟೇಪು ಎಲ್ಲಿ ಬಿತ್ತೆಂದು ನೆಲ ನೋಡುತ್ತಿದ್ದೆ.

ಕಳೆದ ತಿಂಗಳು ಚಿಕಿತ್ಸಾಲಯದಿಂದ ಒಂದು ಸಂದೇಶ ಬಂದಿತ್ತು. ರೋಗಿಗಳ ದಾಖಲೆ ಸೋರಿಕೆಯಾಗಿದೆ, ಪಾಸ್‌ವರ್ಡ್ ಬದಲಿಸಿ, ಯಾರಿಗೂ ಯಾವ ಸಂಖ್ಯೆಯನ್ನೂ ಹೇಳಬೇಡಿ ಎಂದಿತ್ತು. ಮೋಸದವರದ್ದೆಂದು ತಿಳಿದು ಅಳಿಸಿದೆ. ಅದು ನಿಜವಾದದ್ದಾಗಿತ್ತು.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಹಳೆಯ ನಿಘಂಟಿನ ಬೆನ್ನು ಅಂಟಿಸುತ್ತಿದ್ದೆ. ಫೋನ್ ಬಂತು. ಕೈಯೆಲ್ಲ ಅಂಟಾಗಿದ್ದರಿಂದ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬ ಹೆಂಗಸು, ಚಿಕಿತ್ಸಾಲಯದಿಂದ ಮಾತಾಡ್ತಿದೀನಿ, ನಿಮ್ಮ ದಾಖಲೆಗೆ ಬೀಗ ಹಾಕ್ಬೇಕು ಎಂದಳು. ನಾನು ಸೇರಿದ ದಿನ, ವೈದ್ಯರ ಹೆಸರು, ಕಿಟಕಿ ಪಕ್ಕದ ಹಾಸಿಗೆ, ಎಲ್ಲವನ್ನೂ ಸರಿಯಾಗಿ ಹೇಳಿದಳು. ಆದರೂ ನಾನು ಅನುಮಾನದಲ್ಲೇ ಇದ್ದೆ. ಆಗ ಅವಳು, ಆವತ್ತು ತುಂಬಾ ನೋವಾಗಿತ್ತಾ ಮೇಡಂ ಎಂದು ಕೇಳಿದಳು.

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಆಗಷ್ಟೇ ಫೋನಿಗೆ ಬಂದಿದ್ದ ಒಟಿಪಿ ಸಂಖ್ಯೆಯನ್ನು ಅವಳಿಗೆ ಹೇಳಿದೆ.

ಮೊದಲು ಸೋರಿದ್ದು ನನ್ನ ಪುಟ ಮಾತ್ರ. ಆ ಸಂಖ್ಯೆಯಿಂದ ಚಿಕಿತ್ಸಾಲಯದಲ್ಲಿನ ನನ್ನ ಖಾತೆ ತೆರೆದು, ಅದಕ್ಕೆ ಜೋಡಿಸಿದ್ದ ತಂಗಿಯ ಮತ್ತು ಹುಡುಗಿಯ ವಿವರಗಳನ್ನೂ ತೆಗೆದಿದ್ದಾರೆ. ಸಂಜೆ ನಾಲ್ಕಕ್ಕೆ ಆ ಪುಟಗಳ ಚಿತ್ರ ನನಗೆ ಬಂತು. ಬುಧವಾರ ಮಧ್ಯಾಹ್ನದೊಳಗೆ ಹಣ ಕಳಿಸದಿದ್ದರೆ ಇದೇ ಚಿತ್ರವನ್ನು ಹುಡುಗಿಗೆ ಕಳಿಸುವುದಾಗಿ ಕೆಳಗೆ ಬರೆದಿತ್ತು.

ತಕ್ಷಣ ತಂಗಿಯ ಮನೆಗೆ ಹೋದೆ. ಅವಳು ಮಗಳ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಗಳು ಮನೆಯಲ್ಲಿರಲಿಲ್ಲ. ವಿಷಯ ಕೇಳಿ, ಅಕ್ಕಾ, ಆ ದುಡ್ಡು ಅವರ ಮುಖಕ್ಕೆ ಎಸೆದು ಸುಮ್ನಿದ್ಬಿಡು ಎಂದಳು. ಇವತ್ತು ಕೊಟ್ಟರೆ ನಾಳೆ ಮತ್ತೆ ಕೇಳುತ್ತಾರೆ, ಅವರಿಗಿಂತ ಮುಂಚೆ ನೀನೇ ಮಗಳಿಗೆ ಹೇಳಿಬಿಡು ಎಂದು ನಾನು ಹೇಳಿದೆ. ಅದಕ್ಕವಳು, ಎರಡು ದಿನದಲ್ಲಿ ಹೇಳೋ ಮಾತಾ ಅದು, ನಂಗೆ ಬಾಯೇ ಬರಲ್ಲ ಎಂದಳು. ಪೊಲೀಸರ ಮಾತೆತ್ತಿದಾಗ, ಅಲ್ಲಿ ಬರೆಸ್ತೀಯಲ್ಲ, ಆ ಕಾಗದದಲ್ಲಿ ನಾನು ಯಾರಾಗ್ತೀನಿ ಎಂದು ಕೇಳಿದಳು. ತಾಯಿ ಎಂದೇ ಬರೆಸುತ್ತೇನೆ ಎಂದೆ. ಅಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಕಾಲರು ಸುಟ್ಟಿತ್ತು. ಅವಳು ಅದನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು. ನಾನು ಹೊರಡುವಾಗಲೂ ತಲೆ ಎತ್ತಲಿಲ್ಲ.

ಮಂಗಳವಾರ ನಮ್ಮ ಕಟ್ಟಡದ ಕೆಳಮನೆಯ ವಕೀಲೆಯನ್ನು ಕೇಳಿದೆ. ಆಕೆ, ಹಣ ಕೊಡ್ಬೇಡಿ, ಒಂದು ಸಂದೇಶಾನೂ ಅಳಿಸ್ಬೇಡಿ, ಎಲ್ಲ ಪಾಸ್‌ವರ್ಡ್ ಈಗ್ಲೇ ಬದಲಿಸಿ, ದೂರು ಕೊಟ್ಟು ಸ್ವೀಕೃತಿ ಚೀಟಿ ಇಸ್ಕೊಳ್ಳಿ ಎಂದರು. ನನ್ನ ಯಾವ ಯಾವ ವಿವರ ಹೊರಗೆ ಹೋಗಿದೆಯೆಂದು ಚಿಕಿತ್ಸಾಲಯವನ್ನು ಲಿಖಿತವಾಗಿ ಕೇಳುವುದು ನನ್ನ ಹಕ್ಕು, ಸಂಖ್ಯೆ ಹೇಳಿದ್ದಕ್ಕೆ ತಪ್ಪೆಲ್ಲ ನನ್ನದೇ ಎಂದು ಅವರು ಜಾರಿಕೊಳ್ಳಲು ಬಿಡಬಾರದು ಎಂದೂ ತಿಳಿಸಿದರು. ಕದ್ದದ್ದು ಏನೆಂದು ಹೇಳದೆ ದೂರು ಕೊಡಬಹುದೇ ಎಂದು ಕೇಳಿದೆ. ವಕೀಲೆ ಕನ್ನಡಕ ತೆಗೆದು ಒರೆಸಿಕೊಂಡು, ಆಗಲ್ಲ ಅಕ್ಕಾ ಎಂದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಈ ಠಾಣೆಗೆ ಬಂದು ದೂರು ಕೊಟ್ಟೆ. ಹಣ ಕಳಿಸಲಿಲ್ಲ. ಮಧ್ಯಾಹ್ನ ಚಿಕಿತ್ಸಾಲಯಕ್ಕೆ ಹೋಗಿ ಅರ್ಜಿ ಕೊಟ್ಟೆ. ಅಲ್ಲಿ ಹೊರಗಿನ ಮೇಜಿನ ಹುಡುಗ, ಎಷ್ಟೋ ಜನರದ್ದು ಹೋಗಿದೆ ಆಂಟಿ, ನಿಮ್ಮದೊಂದೇ ಅಲ್ಲ ಎಂದು ಸಮಾಧಾನ ಹೇಳಿದ. ಆನಂತರ ಹುಡುಗಿಗೆ ಹಲವು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಚಿತ್ರ ಅವಳಿಗೆ ತಲುಪಿದೆ ಎಂದೇ ನನ್ನ ನಂಬಿಕೆ.

ಫೋನ್ ಮಾಡಿದವರನ್ನು ಪತ್ತೆ ಹಚ್ಚಬೇಕು. ಚಿಕಿತ್ಸಾಲಯದಿಂದ ಲಿಖಿತ ಉತ್ತರ ಕೊಡಿಸಬೇಕು. ನಮ್ಮ ಮೂವರ ಹೆಸರು ಯಾವ ಪ್ರತಿಯಲ್ಲೂ ಬರಬಾರದು. ಹುಡುಗಿಯನ್ನು ಹೇಳಿಕೆಗೆ ಕರೆಯುವುದಾದರೆ ಜೊತೆಯಲ್ಲಿ ಅವಳ ತಾಯಿ ಇರಬೇಕು. ನಾನಲ್ಲ.

ಇದನ್ನು ನನಗೆ ಓದಿ ಹೇಳಿದ್ದಾರೆ. ಕೇಳಲು ಕಷ್ಟವಾಯಿತು, ಆದರೆ ಸುಳ್ಳು ಎಲ್ಲಿಯೂ ಇಲ್ಲ. ಠಾಣೆಯ ಒಳಕೋಣೆ, ಗುರುವಾರ ಬೆಳಿಗ್ಗೆ. ಸಹಿ ಲಕೋಟೆಯಲ್ಲಿರುವ ಹೆಸರಿನದೇ.

ಸಹಿಗೆ ಮುನ್ನ ಸೇರಿಸಿದ್ದು: ಬೆದರಿಕೆಯಂತೆ ಚಿತ್ರವನ್ನು ಹುಡುಗಿಗೆ ಕಳಿಸಿದ್ದಾರೆ ಎನ್ನಲು ಆಧಾರವೇನೆಂದು ಅಧಿಕಾರಿಯವರು ಕೇಳಿದರು. ನಾನು ಆ ಸಂದೇಶವನ್ನು ನೋಡಿಲ್ಲ. ತಂಗಿಯೂ ಮಾತಾಡುತ್ತಿಲ್ಲ. ನಿನ್ನೆ ಸಂಜೆ ಐದೂವರೆಗೆ ಮನೆಗೆ ಹಿಂದಿರುಗಿದಾಗ ಎದುರು ಮನೆಯ ಹೊಲಿಗೆಯವರು, ಸೂಜಿಯನ್ನು ಇನ್ನೂ ಬೆರಳಲ್ಲಿ ಹಿಡಿದಂತೆಯೇ, ಬಾಗಿಲಿಗೆ ಬಂದು ಹೇಳಿದ್ದೇ ನನಗಿರುವ ಆಧಾರ: ಹುಡುಗಿ ಬಂದಿತ್ತು ಕಣ್ರೀ, ಕೀ ಕೈಯಲ್ಲೇ ಇಟ್ಕೊಂಡು ಬೆಲ್ ಒತ್ತಿ ನಿಂತಿತ್ತು, ಏನ್ ಜಗಳ ಆಡ್ಕೊಂಡ್ರಿ ಇಬ್ರೂ, ಬಾಯ್ತುಂಬಾ ದೊಡ್ಡಮ್ಮಾ ಅಂತಿದ್ದ ಮಗು, ಇವತ್ತು ನಿಮ್ಮ ಬಾಗ್ಲು ತೋರ್ಸಿ, ಇವರು ಇಲ್ವಾ ಅಂತ ಕೇಳ್ತು.